ನಮ್ಮ ಪಂಚಾಯಿತಿ ಬೆಂಗಳೂರಿಗೆ ಸೇರಿದರೆ ಏನಾಗುತ್ತದೆ? 2007ರಲ್ಲಿ ಸೇರಿದ ಊರಿನವರು ದಯವಿಟ್ಟು ಹೇಳಿ

ಆನೇಕಲ್_ಕಡೆಯವಳು

ಎಲ್ಲರಿಗೂ ನಮಸ್ಕಾರ. ನಮ್ಮದು ಆನೇಕಲ್ ತಾಲ್ಲೂಕಿನ ಒಂದು ಹಳ್ಳಿ, ಸರ್ಜಾಪುರ ರಸ್ತೆಯಿಂದ ಸ್ವಲ್ಪ ಒಳಗೆ. ಇನ್ನೂ ಗ್ರಾಮ ಪಂಚಾಯಿತಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಅನ್ನುವ ಒಂದೇ ನಗರ ಪಾಲಿಕೆ ಹೋಗಿ ಗ್ರೇಟರ್ ಬೆಂಗಳೂರು ಅಂತ ಐದು ಪಾಲಿಕೆ ಆದ ಮೇಲೆ ನಮ್ಮೂರ ಅರಳಿಕಟ್ಟೆಯಲ್ಲಿ ಒಂದೇ ಮಾತು: ಇವತ್ತಲ್ಲ ನಾಳೆ ನಮ್ಮನ್ನೂ ಗ್ರೇಟರ್ ಬೆಂಗಳೂರಿಗೆ ಸೇರಿಸುತ್ತಾರೆ ಅಂತ. ಯಾವಾಗ, ಹೇಗೆ ಅಂತ ಯಾರಿಗೂ ಗೊತ್ತಿಲ್ಲ. ದಲ್ಲಾಳಿಗಳು ಮಾತ್ರ ದಿನಾ ಬಂದು "ಈಗ ಕೊಟ್ಟುಬಿಡಿ", "ಈಗ ತಗೊಳ್ಳಿ" ಅಂತ ಎರಡೂ ಕಡೆ ಹೇಳುತ್ತಿದ್ದಾರೆ.

ನಮ್ಮ ಮನೆ ಗ್ರಾಮಠಾಣಾದಲ್ಲಿದೆ (ಊರಿನ ಹಳೇ ವಾಸದ ಜಾಗ), ಇನ್ನೂ ತಾತನ ಹೆಸರಲ್ಲೇ ಇದೆ. ಅಣ್ಣನಿಗೆ ಅಂತ ತೆಗೆದುಕೊಂಡ 30x40 ಅಡಿಯ ಒಂದು ಸೈಟಿದೆ, ಅದು ರೆವಿನ್ಯೂ ಸೈಟು (ಅನುಮೋದನೆ ಇಲ್ಲದ ಬಡಾವಣೆಯದು), ಪಂಚಾಯಿತಿಯವರು 11ಬಿ ನಮೂನೆಯ ಖಾತೆ ಕೊಟ್ಟಿದ್ದಾರೆ. ಒಂದು ಎಕರೆ ರಾಗಿ ಹೊಲ, ಎರಡು ಹಸು. ಅಪ್ಪನಿಗೆ ತೆರಿಗೆಯ ಭಯ. ಅಮ್ಮನಿಗೆ ಕಾವೇರಿ ನೀರು ಬರುತ್ತದೆ ಅನ್ನುವ ಆಸೆ, ಯಾಕೆಂದರೆ ನೀರುಗಂಟಿ ಈಗ ದಿನ ಬಿಟ್ಟು ದಿನ ಒಂದು ಗಂಟೆ ಬಿಡುತ್ತಾನೆ, ಬೇಸಿಗೆಯಲ್ಲಿ ಅದೂ ಇಲ್ಲ. ಅಣ್ಣನ ಮಗಳು ಊರ ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದಾಳೆ.

ಪೇಪರಲ್ಲಿ ಬರುವುದು ಬರೀ ಪಾಲಿಕೆ ಎಷ್ಟು, ವಾರ್ಡ್ ಎಷ್ಟು ಅನ್ನುವ ಸುದ್ದಿ. ನಮ್ಮಂಥವರ ಮನೆಗೆ ಏನಾಗುತ್ತದೆ ಅಂತ ಅನುಭವಿಸಿದವರು ಹೇಳಿದರೆ ಉಪಕಾರವಾಗುತ್ತದೆ.

ವರ್ತೂರಿನವ

ನೋಡಮ್ಮ, ನಾವು 2007ರಲ್ಲಿ ಸೇರಿದವರು. ಆ ವರ್ಷ ಜನವರಿಯಲ್ಲಿ ಹಳೇ ಪಾಲಿಕೆಯ ಜೊತೆ ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ, ಕೆ.ಆರ್.ಪುರ, ಮಹದೇವಪುರ, ಬೊಮ್ಮನಹಳ್ಳಿ, ರಾಜರಾಜೇಶ್ವರಿನಗರ ಅನ್ನುವ ಏಳು ನಗರಸಭೆ, ಕೆಂಗೇರಿ ಪುರಸಭೆ, ಅದರ ಮೇಲೆ 110 ಹಳ್ಳಿ ಎಲ್ಲವನ್ನೂ ಒಟ್ಟಿಗೆ ಸೇರಿಸಿದರು. ಸುಮಾರು 225 ಚದರ ಕಿ.ಮೀ. ಇದ್ದ ಬೆಂಗಳೂರು ಒಂದೇ ಏಟಿಗೆ 700 ದಾಟಿತು. ನಮ್ಮ ವರ್ತೂರು ಆ 110ರಲ್ಲಿ ಒಂದು.

ಸೇರಿದ ಮೇಲೆ ಮೊದಲು ಬಂದದ್ದು ತೆರಿಗೆ. ಇದು ಯಾರನ್ನೇ ಕೇಳಿದರೂ ಹೇಳುವ ಮಾತು. ಪಂಚಾಯಿತಿಗೆ ವರ್ಷಕ್ಕೆ ಚಿಲ್ಲರೆ ಕಂದಾಯ ಕಟ್ಟುತ್ತಿದ್ದವರು ಚದರಡಿ ಲೆಕ್ಕದ ತೆರಿಗೆಗೆ ಬಂದರು, ಅದರ ಮೇಲೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಸೆಸ್ಸು. ನೀರು ಬಂದದ್ದು ಯಾವಾಗ? 110 ಹಳ್ಳಿಗೆ ಅಂತಲೇ ಮಾಡಿದ ಕಾವೇರಿ ಐದನೇ ಹಂತ ಶುರುವಾದದ್ದು 2024ರ ಅಕ್ಟೋಬರ್ 16ರಂದು. ಸೇರಿಸಿ ಹದಿನೇಳು ವರ್ಷ ಆದ ಮೇಲೆ. ಅಷ್ಟು ವರ್ಷ ಟ್ಯಾಂಕರ್ ಮತ್ತು ಬೋರ್‌ವೆಲ್, ಅಷ್ಟೇ. ನಡುವೆ ರಸ್ತೆಯ ಕಥೆ ಬೇರೆ. ಒಳಚರಂಡಿಗೆ ಅಂತ ಒಂದು ಸಲ ಅಗೆದರು. ಮುಚ್ಚಿ ಡಾಂಬರು ಹಾಕಿದ ಮೇಲೆ ನೀರಿನ ಪೈಪಿಗೆ ಅಂತ ಅದೇ ರಸ್ತೆಯನ್ನು ಮತ್ತೆ ಅಗೆದರು. ಮಳೆಗಾಲದಲ್ಲಿ ಮನೆ ಬಾಗಿಲಿಂದ ಮುಖ್ಯರಸ್ತೆವರೆಗೆ ಕಲ್ಲು ಹಾಕಿಕೊಂಡು ಅದರ ಮೇಲೆ ಕಾಲಿಟ್ಟು ಹೋಗುತ್ತಿದ್ದೆವು. ನಮ್ಮತ್ತೆ ಅಲ್ಲೇ ಬಿದ್ದು ಕೈ ಮುರಿದುಕೊಂಡರು.

ಜನ ಅಷ್ಟಾಗಿ ಮಾತಾಡದ ಇನ್ನೊಂದು ವಿಷಯ ಹೇಳುತ್ತೇನೆ. ಮುಂಚೆ ಬೀದಿ ದೀಪ ಕೆಟ್ಟರೆ ಸದಸ್ಯರ ಮನೆ ಬಾಗಿಲಿಗೆ ಹೋಗಿ ಹೇಳುತ್ತಿದ್ದೆವು, ಸಂಜೆಯೊಳಗೆ ಯಾರನ್ನಾದರೂ ಕಳಿಸುತ್ತಿದ್ದರು. ಕಳಿಸದಿದ್ದರೆ ಮಾರನೇ ದಿನ ಡೈರಿ ಹತ್ತಿರ ಹಾಲು ಹಾಕುವಾಗ ಸಿಗುತ್ತಿದ್ದರಲ್ಲ, ಅಲ್ಲೇ ಕೇಳುತ್ತಿದ್ದೆವು. 2007ರಲ್ಲಿ ಪಂಚಾಯಿತಿ ಹೋಯಿತು, ಪಾಲಿಕೆ ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. ಆ ಮೂರು ವರ್ಷ ನಮಗೆ ಅಂತ ಒಬ್ಬ ಸದಸ್ಯನೂ ಇರಲಿಲ್ಲ. ಒಂದು ಬಲ್ಬಿಗೂ ಅರ್ಜಿ ಬರೆದು ದೂರದ ಕಚೇರಿಗೆ ಹೋಗಬೇಕಾಯಿತು, ಅಲ್ಲಿ ಕೂತವರಿಗೆ ನಮ್ಮ ಬೀದಿ ಎಲ್ಲಿದೆ ಅಂತಲೇ ಗೊತ್ತಿರಲಿಲ್ಲ.

ಲಾಭ ಆಗಲಿಲ್ಲ ಅಂತಲ್ಲ. ರಸ್ತೆ ಪಕ್ಕ ಜಾಗ ಇದ್ದವರು ಬಾಡಿಗೆ ಮನೆ ಕಟ್ಟಿದರು, ಪಿಜಿ ಮಾಡಿದರು, ಮಕ್ಕಳನ್ನು ಚೆನ್ನಾಗಿ ಓದಿಸಿದರು. ಜಾಗ ಇಲ್ಲದವರಿಗೆ ಮಾತ್ರ ಎರಡೂ ಕಡೆ ನಷ್ಟ. ಗೋಮಾಳದಲ್ಲಿ ಕುರಿ ಮೇಯಿಸುತ್ತಿದ್ದವರು, ಕೆರೆ ಕೆಳಗೆ ಸೊಪ್ಪು ಬೆಳೆದು ಮಾರುತ್ತಿದ್ದ ಹೆಂಗಸರು, ಇವರಿಗೆ ಏನು ಬಂತು? ಬಾಡಿಗೆ ಏರಿತು, ದುಡಿಮೆ ಹೋಯಿತು.

ಹಾಗಂತ ಹೊರಗೇ ಇದ್ದರೆ ಕ್ಷೇಮ ಅಂದುಕೊಳ್ಳಬೇಡಿ. ಬೆಂಗಳೂರಿನ ಕೊಳಚೆ ಬೆಳ್ಳಂದೂರು ಕೆರೆಗೆ, ಅಲ್ಲಿಂದ ನಮ್ಮ ವರ್ತೂರು ಕೆರೆಗೆ ಹರಿದು ಬಂದದ್ದು ನಾವು ನಗರಕ್ಕೆ ಸೇರುವ ಮೊದಲೇ. ಮಂಡೂರು, ಮಾವಳ್ಳಿಪುರದ ಜನ ಪಾಲಿಕೆಗೆ ಓಟು ಹಾಕುವವರೇ ಅಲ್ಲ, ಆದರೂ ನಗರದ ಕಸವನ್ನು ವರ್ಷಗಟ್ಟಲೆ ಅವರ ಪಕ್ಕದಲ್ಲಿ ಸುರಿದರು. ಮಂಡೂರಿನವರು ರಸ್ತೆಗಿಳಿದು ಹೋರಾಡಿದ ಮೇಲೆ 2014ರಲ್ಲಿ ನಿಂತಿತು.

ಹೊರಮಾವು_ನಿವಾಸಿ

ವರ್ತೂರಿನ ಅಣ್ಣ ಹೇಳಿದ್ದು ನಿಜ, ಆದರೆ ನಾನು ಸ್ವಲ್ಪ ಬೇರೆ ರೀತಿ ಯೋಚಿಸುತ್ತೇನೆ. ನಾವು ದಾವಣಗೆರೆ ಕಡೆಯಿಂದ ಬಂದು ಇಲ್ಲಿ ಫ್ಲಾಟ್ ತೆಗೆದುಕೊಂಡವರು. "ಹೊರಗಿನವರು ಬಂದು ಊರು ಕೆಡಿಸಿದರು" ಅಂತ ಕೇಳಿ ಕೇಳಿ ಸಾಕಾಗಿದೆ. ನಾವೂ ಸಾಲ ಮಾಡಿ ಮನೆ ಕೊಂಡವರೇ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ಟ್ಯಾಂಕರ್‌ನವರು ಹೇಳಿದ್ದೇ ರೇಟು. ಪಾತ್ರೆ ತೊಳೆದ ನೀರನ್ನು ಬಕೆಟ್ಟಲ್ಲಿ ಹಿಡಿದಿಟ್ಟು ಟಾಯ್ಲೆಟ್ಟಿಗೆ ಹಾಕಿದ್ದೇವೆ.

ನನ್ನ ಪ್ರಶ್ನೆ ಇಷ್ಟೇ. ಗಡಿ ಹಿಗ್ಗಿಸದಿದ್ದರೆ ನಗರ ಹಿಗ್ಗುವುದು ನಿಲ್ಲುತ್ತದಾ? ಖಂಡಿತ ಇಲ್ಲ. ಕಟ್ಟಡಗಳು ಮೊದಲು ಬರುತ್ತವೆ, ಗಡಿ ಹತ್ತಾರು ವರ್ಷ ತಡವಾಗಿ ಬರುತ್ತದೆ, ನಮ್ಮಲ್ಲಿ ಆದದ್ದೇ ಇದು. ಇಪ್ಪತ್ತಡಿ ರಸ್ತೆಯಲ್ಲಿ ಪಂಚಾಯಿತಿ ಲೈಸೆನ್ಸ್ ಹಿಡಿದು ಐದು ಮಹಡಿ ಏಳಿಸುತ್ತಾರೆ. ಮಳೆನೀರು ಎಲ್ಲಿಗೆ ಹೋಗಬೇಕು, ಬೆಂಕಿ ಬಿದ್ದರೆ ಗಾಡಿ ಹೇಗೆ ಬರಬೇಕು ಅಂತ ಯಾರೂ ಕೇಳುವುದಿಲ್ಲ. ಎಲ್ಲ ತುಂಬಿದ ಮೇಲೆ ಪಾಲಿಕೆ ಬಂದರೆ ಅದು ತಾನೇ ಏನು ಮಾಡುತ್ತದೆ? ಮಳೆನೀರು ಹೋಗುವ ರಾಜಕಾಲುವೆ ಅಗಲ ಮಾಡಬೇಕಾದರೆ ಯಾರದೋ ಮನೆ ಒಡೆಯಬೇಕು. ಹೊರಮಾವಿನ ಸಾಯಿ ಬಡಾವಣೆ 2025ರ ಮೇ ತಿಂಗಳಲ್ಲಿ ಹೇಗೆ ಮುಳುಗಿತು ಅಂತ ಟಿವಿಯಲ್ಲಿ ಎಲ್ಲರೂ ನೋಡಿದ್ದೀರಿ. ತಗ್ಗು ಜಾಗ, ಸುತ್ತಲಿನ ನೀರೆಲ್ಲ ಅಲ್ಲಿಗೇ ಬರುತ್ತದೆ, ರೈಲ್ವೆ ಹಳಿಯ ಕೆಳಗೆ ಹೊರಹೋಗುವ ದಾರಿ ಕಿರಿದು.

ಅದಕ್ಕೇ ಆನೇಕಲ್ ಅಕ್ಕನಿಗೆ ಹೇಳುವುದು, ನಿಮ್ಮೂರಲ್ಲಿ ಇನ್ನೂ ಹೊಲ ಇದೆ, ಕಾಲುವೆ ಇದೆ ಅಂದರೆ ಈಗಲೇ ಸೇರುವುದು ಒಳ್ಳೆಯದು ಅಂತ ನನಗನಿಸುತ್ತದೆ. ಕಾಲುವೆ ಎಲ್ಲಿ, ರಸ್ತೆ ಎಷ್ಟು ಅಗಲ ಅಂತ ಖಾಲಿ ಜಾಗದಲ್ಲಿ ಗೆರೆ ಎಳೆಯುವುದು ಸುಲಭ.

ಕಾಗದಪತ್ರ

ನಾನು ಉಪನೋಂದಣಿ ಕಚೇರಿ ಹತ್ತಿರ ಪತ್ರ ಬರೆಯುವ ಕೆಲಸ ಮಾಡುತ್ತೇನೆ. ಒಳ್ಳೆಯದೋ ಕೆಟ್ಟದ್ದೋ ಅನ್ನುವ ಚರ್ಚೆ ನೀವೇ ಮಾಡಿ, ನಾನು ಕಾಗದದ ಬಗ್ಗೆ ಮಾತ್ರ ಹೇಳುತ್ತೇನೆ.

ಅಕ್ಕ, ಮನೆ ಇನ್ನೂ ತಾತನ ಹೆಸರಲ್ಲಿದೆ ಅಂದಿರಲ್ಲ, ಮೊದಲು ಅದನ್ನು ಸರಿಮಾಡಿಸಿ. ತಾತನ ಮರಣ ಪ್ರಮಾಣಪತ್ರ, ವಂಶವೃಕ್ಷ ಮಾಡಿಸಿ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸಿಕೊಳ್ಳಿ. ಹೊಲಕ್ಕೂ ಹಾಗೇ ಇದ್ದರೆ ತಾಲ್ಲೂಕು ಕಚೇರಿಯಲ್ಲಿ ಪೌತಿ ಖಾತೆ ಮಾಡಿಸಿ. ಈಗ ಪಂಚಾಯಿತಿಯಲ್ಲಿ ಬಿಲ್ ಕಲೆಕ್ಟರ್‌ಗೆ ನಿಮ್ಮ ಮನೆ ಗೊತ್ತು, ಪಕ್ಕದವರು ಸಾಕ್ಷಿ ಹೇಳುತ್ತಾರೆ, ಹಳೇ ರಿಜಿಸ್ಟರ್ ಅಲ್ಲೇ ಇದೆ. ದಾಖಲೆ ಪಾಲಿಕೆಗೆ ಹೋದ ಮೇಲೆ ಅದೇ ಕೆಲಸಕ್ಕೆ ತಿಂಗಳುಗಟ್ಟಲೆ ಓಡಾಡಿದವರನ್ನು ನೋಡಿದ್ದೇನೆ. ಅಪ್ಪನಿಗೆ ಅಣ್ಣ ತಮ್ಮ, ಅಕ್ಕ ತಂಗಿ ಇದ್ದರೆ ಈಗಲೇ ಕೂತು ಮಾತಾಡಿಕೊಳ್ಳಿ. ಬೆಲೆ ಏರಿದ ಮೇಲೆ ಆ ಮಾತುಕತೆ ಮನೆಯಲ್ಲಿ ಮುಗಿಯುವುದಿಲ್ಲ, ಕೋರ್ಟಿಗೆ ಹೋಗುತ್ತದೆ.

ಗ್ರಾಮಠಾಣಾ ಮನೆಗೆ ಮೋಜಿಣಿ ನಕ್ಷೆ (ಸರ್ವೆಯವರ ಅಳತೆ ನಕ್ಷೆ) ಮಾಡಿಸಿ ಇ-ಸ್ವತ್ತು ಅನ್ನುವ ಪಂಚಾಯಿತಿ ಆಸ್ತಿ ತಂತ್ರಾಂಶದಲ್ಲಿ ನಮೂನೆ 9 ಮತ್ತು 11ಎ ತೆಗೆದುಕೊಳ್ಳಿ. ಕಂದಾಯ ರಸೀದಿ, ಕರೆಂಟ್ ಬಿಲ್ಲು ಎಷ್ಟು ಹಳೆಯದಿದ್ದರೂ ಎಸೆಯಬೇಡಿ.

ಅಣ್ಣನ ಸೈಟಿನದು ಸ್ವಲ್ಪ ಕಷ್ಟ. 11ಬಿ ಅಂದರೆ ತೆರಿಗೆ ತೆಗೆದುಕೊಳ್ಳುತ್ತಾರೆ, ಆದರೆ ಬಡಾವಣೆಗೆ ಅನುಮೋದನೆ ಇಲ್ಲ ಅಂತ ಅರ್ಥ. ನಗರದಲ್ಲಿ ಅದಕ್ಕೆ ಬಿ ಖಾತಾ ಅನ್ನುತ್ತಾರೆ, ಎಲ್ಲ ಸರಿಯಿರುವುದಕ್ಕೆ ಎ ಖಾತಾ. 110 ಹಳ್ಳಿಯಲ್ಲಿ ಲಕ್ಷಾಂತರ ಜನ ಈ ಬಿ ಖಾತಾ ಹಿಡಿದುಕೊಂಡೇ ವರ್ಷ ಕಳೆದರು. ಪ್ಲಾನ್ ಸಿಗುವುದಿಲ್ಲ, ದೊಡ್ಡ ಬ್ಯಾಂಕುಗಳು ಸಾಲ ಕೊಡುವುದಿಲ್ಲ. ಇಂಥವನ್ನು ದಂಡ ಕಟ್ಟಿಸಿಕೊಂಡು ಸರಿಮಾಡುವ ಅಕ್ರಮ ಸಕ್ರಮ ಯೋಜನೆ ಬರುತ್ತದೆ ಅಂತ ಕಾದರು, 2017ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. 2025ರ ನವೆಂಬರ್‌ನಲ್ಲಿ ಬಿ ಇಂದ ಎ ಮಾಡಿಕೊಡುವ ಯೋಜನೆ ತಂದರು, ಮಾರ್ಗಸೂಚಿ ಬೆಲೆಯ (ನೋಂದಣಿಗೆ ಸರ್ಕಾರ ನಿಗದಿ ಮಾಡುವ ಬೆಲೆ) 5% ಕಟ್ಟಬೇಕು ಅಂತ. ಗಮನಿಸಿ, ಮಾರ್ಗಸೂಚಿ ಬೆಲೆ ಏರಿದಷ್ಟೂ ಆ 5% ಕೂಡ ಏರುತ್ತದೆ. ಆದ್ದರಿಂದ "ಪಾಲಿಕೆಗೆ ಸೇರಿದರೆ ಎ ಖಾತಾ ತಾನಾಗೇ ಆಗುತ್ತದೆ" ಅಂತ ದಲ್ಲಾಳಿ ಹೇಳಿದರೆ ನಂಬಬೇಡಿ. ಅದೇ ಮಾತು ನಂಬಿ ಇನ್ನೊಂದು ರೆವಿನ್ಯೂ ಸೈಟಂತೂ ತೆಗೆದುಕೊಳ್ಳಲೇಬೇಡಿ.

ಹೊಲದ ಬಗ್ಗೆ ಒಂದು ಮಾತು. ಸರ್ಕಾರ ಭೂಮಿ ವಶಪಡಿಸಿಕೊಂಡರೆ 2013ರ ಕಾಯ್ದೆ ಪ್ರಕಾರ ಗ್ರಾಮೀಣ ಪ್ರದೇಶದಲ್ಲಿ ಮಾರುಕಟ್ಟೆ ಬೆಲೆಯನ್ನು 1ರಿಂದ 2ರವರೆಗಿನ ಗುಣಕದಿಂದ ಗುಣಿಸುತ್ತಾರೆ, ನಗರ ಪ್ರದೇಶದಲ್ಲಿ ಗುಣಕ ಬರೀ 1. ಅದರ ಮೇಲೆ ಅಷ್ಟೇ ಮೊತ್ತ ಸೊಲೇಷಿಯಂ, ಅಂದರೆ ಹೆಚ್ಚುವರಿ ಪರಿಹಾರ, ಅಂತ ಸೇರಿಸುತ್ತಾರೆ. ಅಂದರೆ ನಗರ ಅಂತ ಆದ ಕೂಡಲೇ ಪರಿಹಾರದ ಲೆಕ್ಕ ಬದಲಾಗುತ್ತದೆ. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ತನ್ನ ಕಾಯ್ದೆಯಡಿ ತೆಗೆದುಕೊಂಡರೆ ಲೆಕ್ಕವೇ ಬೇರೆ. ಹೊಲದ ಮೇಲೆ ಯಾವುದಾದರೂ ರಸ್ತೆಯ ಗೆರೆ ಇದೆಯಾ ಅಂತ ಈಗಲೇ ತಿಳಿದುಕೊಳ್ಳಿ. ಪೆರಿಫೆರಲ್ ರಿಂಗ್ ರೋಡ್ (ನಗರದ ಹೊರವಲಯದ ವರ್ತುಲ ರಸ್ತೆ) ಹೆಸರಲ್ಲಿ ಹೊಲ ನೋಟಿಫಿಕೇಷನ್ ಆದವರು ಇಪ್ಪತ್ತು ವರ್ಷದ ಹತ್ತಿರ ಮಾರಲೂ ಆಗದೆ, ಕಟ್ಟಲೂ ಆಗದೆ ಕೂತಿದ್ದರು.

ಆನೇಕಲ್_ಕಡೆಯವಳು

ತುಂಬಾ ತುಂಬಾ ಥ್ಯಾಂಕ್ಸ್. ಕಾಗದಪತ್ರ ಅಣ್ಣ ಬರೆದದ್ದನ್ನು ಅಪ್ಪನಿಗೆ ಜೋರಾಗಿ ಓದಿ ಹೇಳಿದೆ, ನಾಳೆಯೇ ದೊಡ್ಡಪ್ಪನ ಮನೆಗೆ ಹೋಗಿ ವಂಶವೃಕ್ಷದ ವಿಷಯ ಮಾತಾಡುತ್ತೇನೆ ಅಂದರು. ಇಷ್ಟು ವರ್ಷ ಅಮ್ಮ ಹೇಳಿದರೂ ಕೇಳಿರಲಿಲ್ಲ.

ಇನ್ನೂ ಮೂರು ಪ್ರಶ್ನೆ. ಹಸು ಇಟ್ಟುಕೊಳ್ಳಲು ಬಿಡುತ್ತಾರಾ? ಶಾಲೆಯಲ್ಲಿ ಗ್ರಾಮೀಣ ಕೋಟಾ ಹೋಗುತ್ತದೆ ಅನ್ನುತ್ತಾರೆ, ನಿಜವಾ? ಮತ್ತೆ ರಾಮನಗರ ಈಗ ಬೆಂಗಳೂರು ದಕ್ಷಿಣ ಆಗಿದೆಯಲ್ಲ, ಅವರೂ ಪಾಲಿಕೆಗೆ ಬಂದರಾ? ನಮ್ಮೂರಲ್ಲಿ ಈ ಬಗ್ಗೆ ಗೊಂದಲ ಜಾಸ್ತಿ.

ನಕ್ಷೆ_ನೋಡುವವನು

ಮೂರನೆಯದಕ್ಕೆ ನಾನು ಉತ್ತರ ಕೊಡುತ್ತೇನೆ. ಇಲ್ಲ. 2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಜಿಲ್ಲೆ ಅಂತ ಬದಲಾಯಿಸಲು ಸಂಪುಟ ತೀರ್ಮಾನಿಸಿತು, ಅಷ್ಟೇ. ಹೆಸರು ಬದಲಾದರೆ ಕನಕಪುರದ ಹಳ್ಳಿಗಳಿಗೆ ಪಾಲಿಕೆ ತೆರಿಗೆ ಬೀಳುವುದಿಲ್ಲ. ಬೆಂಗಳೂರು ದಕ್ಷಿಣ ನಗರ ಪಾಲಿಕೆ ಅನ್ನುವುದು ಬೇರೆ, ಅದು ಹಳೇ ಬಿಬಿಎಂಪಿ ಒಳಗಿನ ಐದರಲ್ಲಿ ಒಂದು. ಎರಡಕ್ಕೂ ಒಂದೇ ಹೆಸರು ಇಟ್ಟದ್ದರಿಂದ ಜನ ಪಾಪ ತಬ್ಬಿಬ್ಬಾಗಿದ್ದಾರೆ. ಐದು ಪಾಲಿಕೆ ಆದಾಗಲೂ ಹೊರಗಿನ ಗಡಿ ಬದಲಾಗಲಿಲ್ಲ. ಆದರೆ ಮುಂದೆ ಅಧಿಸೂಚನೆ ಮೂಲಕ ಅಕ್ಕಪಕ್ಕದ ಪ್ರದೇಶ ಸೇರಿಸಲು ಕಾಯ್ದೆಯಲ್ಲಿ ಅವಕಾಶ ಇದೆ, ನಿಮ್ಮೂರಿನ ಮಾತು ಹುಟ್ಟಿರುವುದು ಅಲ್ಲಿಂದಲೇ.

ವರ್ತೂರಿನವ

ಹಸು ಕಟ್ಟಬೇಡಿ ಅಂತ ಮಾರನೇ ದಿನವೇ ಯಾರೂ ಬರುವುದಿಲ್ಲ. ನಮ್ಮ ಕಡೆ ಇವತ್ತಿಗೂ ಹಾಲು ಹಾಕುವವರಿದ್ದಾರೆ. ಕಷ್ಟ ಆಗುವುದು ಮೇವು ಮತ್ತು ತಿಪ್ಪೆಗೆ. ಹೊಲಗಳು ಸೈಟಾದ ಮೇಲೆ ಹಸಿ ಹುಲ್ಲು ಎಲ್ಲಿಂದ ತರುತ್ತೀರಿ? ಒಣಹುಲ್ಲನ್ನು ದೂರದಿಂದ ಲೋಡು ತರಿಸಬೇಕು, ಆಮೇಲೆ ಹಾಲಿನ ದುಡ್ಡು ಅದಕ್ಕೇ ಸರಿಹೋಗುತ್ತದೆ. ಪಕ್ಕದಲ್ಲಿ ಹೊಸ ಮನೆ ಕಟ್ಟಿ ಬಂದವರು ಸಗಣಿ ವಾಸನೆ, ಸೊಳ್ಳೆ ಅಂತ ದೂರು ಕೊಡುತ್ತಾರೆ. ನಮ್ಮ ಬೀದಿಯಲ್ಲಿ ಒಬ್ಬರು ತಲೆತಲಾಂತರದಿಂದ ತಿಪ್ಪೆ ಇದ್ದ ಜಾಗವನ್ನು ದೂರು ಬಂತು ಅಂತ ಮುಚ್ಚಿದರು, ಮುಚ್ಚಿದ ವರ್ಷವೇ ಹಸುಗಳನ್ನೂ ಮಾರಿದರು. ಹಿತ್ತಿಲಲ್ಲಿ ಸಾಕಷ್ಟು ಜಾಗ ಇದ್ದರೆ ಗೋಬರ್ ಗ್ಯಾಸ್ ಮಾಡಿಸಿಕೊಳ್ಳಿ, ಊರು ಊರಾಗಿರುವಾಗಲೇ.

ಮಾಜಿ_ಸದಸ್ಯೆ

ನಾನು ಎರಡು ಅವಧಿ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದೆ. ಗ್ರಾಮೀಣ ಕೋಟಾ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ವೃತ್ತಿಪರ ಕೋರ್ಸುಗಳ ಪ್ರವೇಶದ ಸಿಇಟಿಯಲ್ಲಿ ಗ್ರಾಮೀಣ ಮಕ್ಕಳಿಗೆ 15% ಇದೆ. ಅದಕ್ಕೆ 1ರಿಂದ 10ನೇ ತರಗತಿವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಮಗು ಮಧ್ಯದಲ್ಲಿರುವಾಗ ಊರು ನಗರ ಆದರೆ ತೊಂದರೆ ಆಗಬಹುದು, ಆದ್ದರಿಂದ ನಿಮ್ಮ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಈಗಲೇ ಕೇಳಿ, ಗ್ರಾಮೀಣ ಶಾಲೆಯಲ್ಲಿ ಓದಿದ ಪ್ರಮಾಣಪತ್ರಕ್ಕೆ ಮೇಲುಸಹಿ ಹಾಕುವವರು ಅವರೇ. ಉದ್ಯೋಗ ಖಾತ್ರಿ ಕೆಲಸವೂ ಗ್ರಾಮೀಣ ಪ್ರದೇಶಕ್ಕೆ ಮಾತ್ರ. ನಮ್ಮೂರಲ್ಲಿ ಅದನ್ನು ನಂಬಿದ್ದ ವಯಸ್ಸಾದ ಹೆಂಗಸರು ಎಷ್ಟೋ ಜನ ಇದ್ದರು.

ಈಗ ನನಗೆ ಮುಖ್ಯ ಅನಿಸಿದ ವಿಷಯ. ಪಂಚಾಯಿತಿಯಲ್ಲಿ ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಬಿಬಿಎಂಪಿಯಲ್ಲಿ 198 ವಾರ್ಡ್ ಇತ್ತು, 2011ರ ಜನಗಣತಿ ಪ್ರಕಾರ ಜನ 84 ಲಕ್ಷ. ಭಾಗಿಸಿ ನೋಡಿ, ಒಬ್ಬ ಕಾರ್ಪೊರೇಟರ್‌ಗೆ ಸರಾಸರಿ 42 ಸಾವಿರ. ಅದೂ 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅವರೂ ಇರಲಿಲ್ಲ, ಅಧಿಕಾರಿಗಳೇ ನಡೆಸಿದರು. ಐದು ಪಾಲಿಕೆ ಮಾಡಿ ವಾರ್ಡ್ ಹೆಚ್ಚಿಸಿದ್ದು ಒಳ್ಳೆಯದೇ. ಆದರೂ ನಿಮ್ಮ ಹಳ್ಳಿಯ ಓಟು ಪಕ್ಕದ ಎರಡು ದೊಡ್ಡ ಅಪಾರ್ಟ್‌ಮೆಂಟಿನ ಓಟಿಗಿಂತ ಕಡಿಮೆ ಆಗುತ್ತದೆ. ಈಗ ಗ್ರಾಮಸಭೆಯಲ್ಲಿ ಎದ್ದು ನಿಂತು "ಪಂಪ್‌ಸೆಟ್ ರಿಪೇರಿಗೆ ಇಷ್ಟು ಯಾಕೆ ಬರೆದಿದ್ದೀರಿ" ಅಂತ ಕೇಳಬಹುದು. ನಾನು ಸದಸ್ಯೆಯಾಗಿದ್ದಾಗ ನನ್ನನ್ನೇ ಹಾಗೆ ಕೇಳಿದ್ದಾರೆ, ಉತ್ತರ ಕೊಟ್ಟಿದ್ದೇನೆ. ಆ ಹಕ್ಕು ಹೋಗುವುದರ ಬೆಲೆ ಸೈಟಿನ ಬೆಲೆಯಲ್ಲಿ ಕಾಣುವುದಿಲ್ಲ.

ಸುಮ್ನೆ ಕಾಯಬೇಡಿ. ಈಗಲೇ ಮಾಡಬೇಕಾದ ಎರಡು ಕೆಲಸ ಇವೆ. ಗ್ರಾಮಸಭೆ ಯಾವತ್ತು ಅಂತ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿ, ಅಲ್ಲಿ ಊರಿನ ಸಾರ್ವಜನಿಕ ಆಸ್ತಿಯ ಪಟ್ಟಿ ಓದಿಸಿ ನಡಾವಳಿಯಲ್ಲಿ ಬರೆಸಿ. ಕೆರೆ, ಗೋಮಾಳ, ಸ್ಮಶಾನ, ಗುಂಡುತೋಪು, ಕೊಳವೆಬಾವಿ, ಸಮುದಾಯ ಭವನ, ಎಲ್ಲದಕ್ಕೂ ಸರ್ವೆ ನಂಬರ್, ವಿಸ್ತೀರ್ಣ ಸಮೇತ. ಆಡಳಿತ ಕೈ ಬದಲಾಗುವ ಹೊತ್ತಲ್ಲಿ "ಇದು ಯಾರದು" ಅಂತ ಗೊತ್ತಿಲ್ಲದ ಜಾಗಕ್ಕೆ ಬೇಲಿ ಬೀಳುವುದು ಬೇಗ. ಸ್ಮಶಾನದ ದಾರಿಯನ್ನೂ ಬರೆಸಿ, ಎಷ್ಟೋ ಕಡೆ ಸ್ಮಶಾನ ಉಳಿದಿದೆ, ಅಲ್ಲಿಗೆ ಹೆಣ ಹೊತ್ತೊಯ್ಯುವ ದಾರಿ ಉಳಿದಿಲ್ಲ.

ಎರಡನೆಯದು ಆಕ್ಷೇಪಣೆ. 2025ರ ಜುಲೈನಲ್ಲಿ ಐದು ಪಾಲಿಕೆಯ ಕರಡು ಹೊರಡಿಸಿದಾಗ ಆಕ್ಷೇಪಣೆಗೆ 30 ದಿನ ಕೊಟ್ಟಿದ್ದರು. ನಿಮ್ಮೂರಿನ ಹೆಸರು ಬಂದಾಗಲೂ ಅಂಥದ್ದೇ ಒಂದು ಅವಕಾಶ ಇರುತ್ತದೆ, ಅಷ್ಟರಲ್ಲಿ ಜನ ಸೇರಿಸಿ ಅರ್ಜಿ ಬರೆಯುವುದು ಕಷ್ಟ, ಅದಕ್ಕೆ ಈಗಲೇ ಬರೆದಿಟ್ಟುಕೊಳ್ಳಿ. ಬೇಕು, ಬೇಡ ಅಂತ ಮಾತ್ರ ಬರೆದರೆ ಫೈಲಲ್ಲಿ ಕೂರುತ್ತದೆ. ಕಾವೇರಿ ಸಂಪರ್ಕ ಯಾವ ವರ್ಷ, ಅಲ್ಲಿಯವರೆಗೆ ಪಂಚಾಯಿತಿ ಕೊಳವೆಬಾವಿ ಮತ್ತು ನೀರುಗಂಟಿಯ ಸಂಬಳ ಯಾರ ಜವಾಬ್ದಾರಿ, ನೀರು ಬರುವ ತನಕ ತೆರಿಗೆ ಪಂಚಾಯಿತಿ ದರದಲ್ಲೇ ಇರಲಿ, ಗ್ರಾಮಠಾಣಾ ಮನೆಗಳಿಗೆ ಬೆಟರ್‌ಮೆಂಟ್ ಚಾರ್ಜ್ (ಅಭಿವೃದ್ಧಿ ಶುಲ್ಕ) ಬೇಡ, ಚುನಾವಣೆ ದಿನಾಂಕ ಘೋಷಿಸದೆ ಪಂಚಾಯಿತಿ ವಿಸರ್ಜಿಸಬಾರದು, ಹೀಗೆ ಒಂದೊಂದಾಗಿ ಬರೆಯಿರಿ. ಕೊಟ್ಟ ಅರ್ಜಿಗೆ ಸೀಲು ಹಾಕಿದ ಸ್ವೀಕೃತಿ ತೆಗೆದುಕೊಳ್ಳಿ.

ಆನೇಕಲ್_ಕಡೆಯವಳು

ಮೇಡಂ, ನೀವು ಬರೆದದ್ದನ್ನು ನಮ್ಮ ಸ್ತ್ರೀಶಕ್ತಿ ಸಂಘದ ಗುಂಪಿಗೆ ಹಾಕಿದ್ದೇನೆ. ಸ್ಮಶಾನದ ದಾರಿ ಅಂದಿರಲ್ಲ, ನಮ್ಮಲ್ಲಿ ಅದು ಆಗಲೇ ಒಬ್ಬರ ಲೇಔಟ್ ಕಾಂಪೌಂಡ್ ಒಳಗೆ ಹೋಗಿದೆ. ನಕಾಶೆಯಲ್ಲಿ ದಾರಿ ಇದೆ, ನೆಲದ ಮೇಲೆ ಗೇಟಿದೆ. ಇದನ್ನು ಗ್ರಾಮಸಭೆಯಲ್ಲಿ ಕೇಳಬಹುದಾ, ಇಲ್ಲ ತಹಶೀಲ್ದಾರ್ ಹತ್ತಿರ ಹೋಗಬೇಕಾ?

ಮಾಜಿ_ಸದಸ್ಯೆ

ಎರಡೂ ಕಡೆ. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ, ಅದರ ನಕಲು ಮತ್ತು ಗ್ರಾಮ ನಕಾಶೆ ಇಟ್ಟು ತಹಶೀಲ್ದಾರ್‌ಗೆ ಅರ್ಜಿ ಕೊಡಿ, ಸರ್ವೆಯವರನ್ನು ಕಳಿಸಿ ಅಂತ. ಗೇಟಿನ ಫೋಟೊ ತೆಗೆದಿಟ್ಟುಕೊಳ್ಳಿ. ಒಬ್ಬರೇ ಹೋಗಬೇಡಿ, ಸಂಘದವರೆಲ್ಲ ಹೋಗಿ.